ಪಗಾರದ ಮಾತುಕತೆ ಮತ್ತು ನಡುವಿನ ಮನುಷ್ಯ

(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಇಂಥ ವೇದಿಕೆಯ ಮೇಲಿಂದ ಭಾಷೆಯನ್ನು ಕುರಿತು, ಗಡಿಯನ್ನು ಕುರಿತು, ಸಾಹಿತ್ಯವನ್ನು ಕುರಿತು ಮಾತನಾಡುವುದು ನಮ್ಮಲ್ಲಿ ನಡೆದುಬಂದ ವಾಡಿಕೆ. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಆದುದರಿಂದ ನಾನು ಇಂದು ಪಗಾರವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಉತ್ಸವದ ದಿನ ರೊಕ್ಕದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಮನೆತನಗಳಲ್ಲಿ ಹೆಂಗಸರ ವಯಸ್ಸನ್ನೂ ಗಂಡಸರ ಪಗಾರವನ್ನೂ ಕೇಳಬಾರದೆಂಬ ಒಂದು ಮರ್ಯಾದೆ ಇದೆ. ಮರ್ಯಾದೆ ಒಳ್ಳೆಯದೇ. ಆದರೆ ನಮ್ಮ ಈ ಸಂಕೋಚವನ್ನೇ ಬಂಡವಾಳವಾಗಿ ಮಾಡಿಕೊಂಡು ಬೇರೆ ಯಾರೋ ವ್ಯಾಪಾರ ನಡೆಸುತ್ತಿರುವಾಗ, ವರ್ಷಕ್ಕೊಂದು ಸಲವಾದರೂ ಅದನ್ನು ಬದಿಗಿಡುವುದು ತಪ್ಪಲ್ಲವೆಂದು ಭಾವಿಸುತ್ತೇನೆ.

ಗಡಹಿಂಗ್ಲಜ ತಾಲೂಕಿನ ಹಳ್ಳಿಗಳಲ್ಲಿ, ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ, ಕೊಲ್ಹಾಪುರದ ಪೇಟೆಗಳಲ್ಲಿ ಕನ್ನಡ ಮಾತನಾಡುವ ಮನೆಗಳ ಮಕ್ಕಳು ಹಿಂದೆ ಹೊಲ, ಮಗ್ಗ, ಅಂಗಡಿ, ಶಾಲಾ ಮಾಸ್ತರಿಕೆ ಇವುಗಳಲ್ಲೊಂದನ್ನು ಹಿಡಿಯುತ್ತಿದ್ದರು. 1980ರ ದಶಕದಲ್ಲಿ ಕೊಲ್ಹಾಪುರದಲ್ಲಿಯೂ ಇಚಲಕರಂಜಿಯಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳು ಹುಟ್ಟಿಕೊಂಡ ಮೇಲೆ ಹೊಸದೊಂದು ದಾರಿ ತೆರೆಯಿತು. ಆ ದಾರಿಯಲ್ಲಿ ಉತ್ತರಕ್ಕೆ ಹೊರಟವರು ಪುಣೆಯ ಹಿಂಜವಡಿಯನ್ನು ಮುಟ್ಟಿದರು. ಸಂಕೇಶ್ವರದ ಮೇಲಿಂದ ದಕ್ಷಿಣಕ್ಕೆ ಹೊರಟವರು ಬೆಂಗಳೂರಿನ ಇಲೆಕ್ಟ್ರಾನಿಕ್ ಸಿಟಿಯನ್ನು ಮುಟ್ಟಿದರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷ್, ಬಸ್ಸಿನಲ್ಲಿ ಹಿಂದಿ. ಇಷ್ಟು ಭಾಷೆಗಳನ್ನು ಹೊತ್ತುಕೊಂಡು ಹೋಗುವ ನಮ್ಮ ಮಕ್ಕಳಿಗೆ ಒಂದು ಭಾಷೆ ಮಾತ್ರ ಬರುವುದಿಲ್ಲ. ತಮ್ಮ ದುಡಿಮೆಯ ಬೆಲೆಯನ್ನು ತಾವೇ ಹೇಳುವ ಭಾಷೆ ಅದು. ಅದನ್ನು ಕಲಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ನೌಕರಿಯ ಊರಿನಲ್ಲಿ ಸೋದರಮಾವನಿಲ್ಲ, ಆ ಕಂಪನಿಯಲ್ಲಿ ಮೊದಲೇ ಇರುವ ಅಣ್ಣನಿಲ್ಲ. ಅವರಿಗೆ ದೊರೆಯುವ ಮೊದಲ ಪರಿಚಯದ ದನಿ ಫೋನಿನಲ್ಲಿ ಕೇಳುವ ರಿಕ್ರೂಟರನದು.

ರಿಕ್ರೂಟರನೆಂದರೆ ನೌಕರಿಗೆ ಜನರನ್ನು ಹುಡುಕಿ ತಂದು ಕೊಡುವವನು. ಆತ ಬಹು ಮೃದುವಾಗಿ ಮಾತನಾಡುತ್ತಾನೆ. ಹೆಸರು ಹಿಡಿದು ಕರೆಯುತ್ತಾನೆ. ಸಂದರ್ಶನಕ್ಕೆ ಏನು ಓದಿಕೊಳ್ಳಬೇಕೆಂದು ಹೇಳಿಕೊಡುತ್ತಾನೆ. ಕೊನೆಗೆ ಪಗಾರದ ಮಾತು ಬಂದಾಗ, "ನೋಡಿ, ಕಂಪನಿಯವರು ಇದಕ್ಕಿಂತ ಒಂದು ಪೈಸೆ ಮೇಲೆ ಹೋಗುವುದಿಲ್ಲ, ನಾನು ನಿಮ್ಮ ಪರವಾಗಿ ಬಹಳ ಹೇಳಿನೋಡಿದೆ, ಸಂಜೆಯೊಳಗೆ ಒಪ್ಪಿಗೆ ತಿಳಿಸದಿದ್ದರೆ ಬೇರೆಯವರಿಗೆ ಹೋದೀತು" ಎನ್ನುತ್ತಾನೆ. ಹುಡುಗ ಊರಿಗೆ ಫೋನು ಮಾಡುತ್ತಾನೆ. ತಂದೆ ಕೇಳುವುದು ಒಂದೇ ಪ್ರಶ್ನೆ: "ಆ ಮನುಷ್ಯನ ಮಾತು ನಂಬುವಂಥದೇನಪ್ಪಾ?" ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಒಂದಕ್ಷರದ ಉತ್ತರವಿಲ್ಲ. ಯಾವ ಮಾತಿನ ಮಟ್ಟಿಗೆ ನಂಬಬಹುದು, ಯಾವ ಮಾತಿನ ಮಟ್ಟಿಗೆ ನಂಬಬಾರದು ಎಂಬುದನ್ನು ಬಿಡಿಸಿ ನೋಡಬೇಕಾಗುತ್ತದೆ.

ಈ ನಡುವಿನ ಮನುಷ್ಯ ನಮಗೆ ಹೊಸಬನೇನಲ್ಲ. ಪ್ರತಿ ವರ್ಷ ಕಬ್ಬಿನ ಹಂಗಾಮು ಬಂತೆಂದರೆ ಬೀಡ ಜಿಲ್ಲೆಯ ಕಡೆಯಿಂದ ಗಾಡಿಗಳಲ್ಲಿ, ಟ್ರಾಕ್ಟರುಗಳಲ್ಲಿ ಕಬ್ಬು ಕಡಿಯುವವರು ನಮ್ಮ ಹೊಲಗಳಿಗೆ ಬಂದಿಳಿಯುತ್ತಾರೆ. ಗಂಡ-ಹೆಂಡಿರ ಜೋಡಿಗೆ ಒಂದು ಕೊಯ್ತಾ ಎಂದು ಲೆಕ್ಕ. ಅವರನ್ನು ಕರೆತಂದವನು ಮುಕಾದಮ. ಊರಲ್ಲಿಯೇ ಅವರಿಗೆ ಉಚಲನ್ನು, ಅಂದರೆ ಮುಂಗಡ ಹಣವನ್ನು, ಕೊಟ್ಟಿರುತ್ತಾನೆ. ಹಂಗಾಮು ಮುಗಿಯುವಷ್ಟರಲ್ಲಿ ಅದನ್ನು ಕೆಲಸದಲ್ಲಿ ತೀರಿಸಿಕೊಳ್ಳುತ್ತಾನೆ. ಅವನ ದಸ್ತೂರಿ ಬರುವುದು ಕಡಿದ ಕಬ್ಬಿನ ಲೆಕ್ಕದ ಮೇಲೆ. ಆತ ಆ ಕೂಲಿಕಾರರ ಊರಿನವನೇ, ಹಲವು ಸಲ ಅವರ ಬಳಗದವನೇ. ಕಾಯಿಲೆ ಬಿದ್ದರೆ ಔಷಧಕ್ಕೆ ದುಡ್ಡು ಕೊಡುವವನೂ ಅವನೇ. ಆದರೂ ಟನ್ನಿನ ದರದ ಮಾತು ಬಂದಾಗ ಅವನು ಪೂರ್ತಿ ಅವರ ಪಕ್ಷದವನೆಂದು ಯಾವ ಕೂಲಿಕಾರನೂ ತಿಳಿಯುವುದಿಲ್ಲ. ಓಡಿಹೋದ ಕೂಲಿಕಾರರ ಉಚಲಿನ ಬಾಕಿಯನ್ನು ತಾನೇ ಹೊತ್ತು ಮುಳುಗಿದ ಮುಕಾದಮರೂ ಇದ್ದಾರೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನ್ಯಾಯ ಎರಡೂ ಕಡೆಗೆ ಇರಬೇಕಷ್ಟೆ.

ಇದಕ್ಕೂ ಹಿಂದಿನ ಕಥೆ ಮುಂಬಯಿಯ ಗಿರಣಿಗಳದು. ರತ್ನಾಗಿರಿ, ಸಾತಾರಾ, ಕೊಲ್ಹಾಪುರಗಳ ಕಡೆಯಿಂದ ಗಿರಣಿಗಳಿಗೆ ಹೋದ ಸಾವಿರಾರು ಜನರನ್ನು ಕೆಲಸಕ್ಕೆ ಸೇರಿಸುತ್ತಿದ್ದವನು ಜಾಬರ. ಸೇರಿಸುವ ಅಧಿಕಾರವೂ ಬಿಡಿಸುವ ಅಧಿಕಾರವೂ ಅವನ ಕೈಯಲ್ಲಿ. ಸೇರಿದವನು ಅವನಿಗೆ ದಸ್ತೂರಿ ಕೊಡಬೇಕು. 1929ರಲ್ಲಿ ನೇಮಕವಾದ ಕಾರ್ಮಿಕರ ರಾಜಮಾನ್ಯ ಆಯೋಗ, ಅಧ್ಯಕ್ಷರ ಹೆಸರಿನಿಂದ ವಿಟ್ಲೆ ಆಯೋಗವೆಂದು ಕರೆಯಿಸಿಕೊಂಡದ್ದು, ಈ ವ್ಯವಸ್ಥೆಯನ್ನು ವಿವರವಾಗಿ ಪರಿಶೀಲಿಸಿತು. 1931ರ ವರದಿಯಲ್ಲಿ ಅದು ಜಾಬರನಿಗೆ ಬುದ್ಧಿವಾದ ಹೇಳುವುದರಲ್ಲಿ ಕಾಲ ಕಳೆಯಲಿಲ್ಲ. ಜನರನ್ನು ಸೇರಿಸುವ, ಬಿಡಿಸುವ ಅಧಿಕಾರವನ್ನೇ ಅವನ ಕೈಯಿಂದ ತೆಗೆದು ಬೇರೆ ಕಾರ್ಮಿಕ ಅಧಿಕಾರಿಗಳಿಗೆ ವಹಿಸಬೇಕೆಂದು ಸೂಚಿಸಿತು. ಆ ಆಯೋಗದವರು ಮನುಷ್ಯನ ಗುಣವನ್ನು ಚರ್ಚಿಸದೆ ಅವನು ನಿಂತ ಜಾಗವನ್ನು ಚರ್ಚಿಸಿದರು. ನಾವೂ ಹಾಗೆಯೇ ನೋಡಬೇಕು. ರಿಕ್ರೂಟರ ಒಳ್ಳೆಯವನೋ ಕೆಟ್ಟವನೋ ಎಂಬುದು ಅವನ ತಾಯಿ ಕೇಳಬೇಕಾದ ಪ್ರಶ್ನೆ. ಅವನಿಗೆ ದುಡ್ಡು ಕೊಡುವವರು ಯಾರು, ಯಾವ ಲೆಕ್ಕದಲ್ಲಿ ಎಂಬುದು ನಾವು ಕೇಳಬೇಕಾದ ಪ್ರಶ್ನೆ.

ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇಡೀ ಭಾಷಣದ ತಿರುಳು ಇದರಲ್ಲಿಯೇ ಇದೆ.

ನಮ್ಮ ದೇಶದಲ್ಲಿ ಹೊರಗಿನ ನೇಮಕಾತಿ ಸಂಸ್ಥೆಗೆ ಕಂಪನಿ ಕೊಡುವ ದಲಾಲಿ ಬಹಳ ಕಡೆ ಅಭ್ಯರ್ಥಿಯ ವರ್ಷದ ಪಗಾರದ ಶೇಕಡಾ 8.33, ಅಂದರೆ ಒಂದು ತಿಂಗಳ ಪಗಾರ. ವರ್ಷಕ್ಕೆ 6 ಲಕ್ಷದ ನೌಕರಿಯೆಂದರೆ ಸುಮಾರು 50 ಸಾವಿರ ರೂಪಾಯಿ. ಪಗಾರ ಹೆಚ್ಚಾದರೆ ದಲಾಲಿಯೂ ಹೆಚ್ಚುತ್ತದೆಯಲ್ಲವೆ, ಹಾಗಾದರೆ ಆತ ನಮ್ಮ ಪರವಾಗಿ ಜಗ್ಗಾಡಲೇಬೇಕಲ್ಲವೆ ಎಂದು ಮೇಲೆ ನೋಡಿದವರಿಗೆ ಅನ್ನಿಸುತ್ತದೆ. ಹುಡುಗನ ಪಗಾರ 60 ಸಾವಿರ ಏರಿತೆನ್ನಿ. ಹುಡುಗನಿಗೆ ಪ್ರತಿ ವರ್ಷ 60 ಸಾವಿರ. ರಿಕ್ರೂಟರನ ಸಂಸ್ಥೆಗೆ ಒಂದೇ ಸಲ 5 ಸಾವಿರ. ಆ 5 ಸಾವಿರಕ್ಕಾಗಿ ಜಗ್ಗಾಡುವಾಗ ಮಾತು ಮುರಿದುಬಿದ್ದರೆ ಅವನ ಕೈಯಿಂದ ಹೋಗುವುದು ಪೂರಾ 50 ಸಾವಿರ. ಯಾವ ಬುದ್ಧಿವಂತ ವ್ಯಾಪಾರಿ ಐದಕ್ಕಾಗಿ ಐವತ್ತನ್ನು ಒತ್ತೆ ಇಟ್ಟಾನು? ಅವನ ಹಿತ ಬೇಗ ಮುಗಿಸುವುದರಲ್ಲಿದೆ. ನಿಮ್ಮ ಹಿತ ಸರಿಯಾಗಿ ಮುಗಿಸುವುದರಲ್ಲಿದೆ. ಎರಡೂ ಬಹುದೂರ ಒಂದೇ ದಾರಿಯಲ್ಲಿ ನಡೆಯುತ್ತವೆ, ಕೊನೆಯ ಮೈಲಿಯಲ್ಲಿ ಬೇರೆಯಾಗುತ್ತವೆ.

ಇದು ಬರಿಯ ತರ್ಕವಲ್ಲ. ಅಮೆರಿಕೆಯ ಷಿಕಾಗೋ ಸುತ್ತಲಿನ ಮನೆ ಮಾರಾಟಗಳನ್ನು ಲೆವಿಟ್ ಮತ್ತು ಸೈವರ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಮನೆಯ ದಲಾಲರು ತಮ್ಮ ಸ್ವಂತ ಮನೆಯನ್ನು ಮಾರುವಾಗ ಗಿರಾಕಿಗಳ ಮನೆಗಿಂತ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾಯುತ್ತಾರೆ, ಶೇಕಡಾ 3.7ರಷ್ಟು ಹೆಚ್ಚು ಬೆಲೆ ಪಡೆಯುತ್ತಾರೆ ಎಂದು ಅವರು ಕಂಡುಕೊಂಡರು. ಅದೇ ಕಸಬು, ಅದೇ ಪೇಟೆ. ಸರಕು ತನ್ನದಾದಾಗ ಮಾತ್ರ ತಾಳ್ಮೆ.

ಎಲ್ಲ ರಿಕ್ರೂಟರರೂ ಈ ಶೇಕಡಾವಾರು ದಲಾಲಿಯವರಲ್ಲ. ಕಂಪನಿಯೊಳಗೇ ಕುಳಿತು ಪಗಾರ ತೆಗೆದುಕೊಂಡು ಜನರನ್ನು ಹುಡುಕುವವರಿದ್ದಾರೆ. ಇವರಿಗೆ ಇಷ್ಟು ದಿನಗಳಲ್ಲಿ ಇಷ್ಟು ಕುರ್ಚಿ ತುಂಬಬೇಕು, ಗೊತ್ತುಪಡಿಸಿದ ಮೊತ್ತವನ್ನು ಮೀರಬಾರದು ಎಂಬ ಕಟ್ಟಳೆ ಇರುತ್ತದೆ. ಉಂಡ ಮನೆಯ ಜಂತಿ ಎಣಿಸಬಾರದೆಂಬ ನೀತಿಯನ್ನು ಅವರು ಪಾಲಿಸಿದರೆ ಅದನ್ನು ದ್ರೋಹವೆನ್ನಲಾಗದು. ಅವರು ನಿಮ್ಮ ಮನೆಯಲ್ಲಿ ಉಂಡವರಲ್ಲ. ಮೂರನೆಯವರ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಎಚ್ಚರಿಕೆ ಹೇಳುತ್ತೇನೆ. ಇವರು ಗುತ್ತಿಗೆಯ ಮೇಲೆ ಜನರನ್ನು ಒದಗಿಸುವವರು. ನೀವು ಕೆಲಸ ಮಾಡುವುದು ದೊಡ್ಡ ಕಂಪನಿಯಲ್ಲಿ, ಪಗಾರ ಕೊಡುವವರು ಈ ಸಂಸ್ಥೆಯವರು. ದೊಡ್ಡ ಕಂಪನಿ ನಿಮ್ಮ ಲೆಕ್ಕದಲ್ಲಿ ತಿಂಗಳಿಗೆ ಒಂದು ಲಕ್ಷ ಕೊಡುತ್ತಿದ್ದು ನಿಮ್ಮ ಕೈಗೆ 60 ಸಾವಿರ ಬಂದರೆ ನಡುವಿನ 40 ಸಾವಿರದಲ್ಲಿ ಸಂಸ್ಥೆಯ ಖರ್ಚೂ ಇದೆ, ಲಾಭವೂ ಇದೆ. ಇಲ್ಲಿ ನೀವು ಬಿಟ್ಟುಕೊಟ್ಟ ಪ್ರತಿಯೊಂದು ರೂಪಾಯಿ ನೆಟ್ಟಗೆ ಅವರ ಚೀಲಕ್ಕೆ ಬೀಳುತ್ತದೆ. ಆದುದರಿಂದ ಫೋನು ಬಂದೊಡನೆ ಕೇಳಬೇಕಾದ ಮೊದಲ ಮಾತು: "ನನ್ನ ನೇಮಕಾತಿ ಪತ್ರದ ಮೇಲೆ ಯಾವ ಕಂಪನಿಯ ಹೆಸರು ಇರುತ್ತದೆ?"

ದಸ್ತೂರಿ ಮುಂಬಯಿಯ ಗಿರಣಿಗಳೊಡನೆಯೇ ಮುಗಿಯಿತೆಂದು ತಿಳಿದವರು 2023ರ ಸುದ್ದಿಯನ್ನು ನೆನಪಿಸಿಕೊಳ್ಳಬೇಕು. ಟಾಟಾ ಕನ್ಸಲ್ಟನ್ಸಿ ಸರ್ವೀಸಸ್‌ನಂಥ ಹಿರಿಯ ಕಂಪನಿಯಲ್ಲಿ, ಜನರನ್ನು ಒದಗಿಸುವ ಸಂಸ್ಥೆಗಳಿಂದ ಒಳಗಿನ ಕೆಲವು ಅಧಿಕಾರಿಗಳು ಲಾಭ ಪಡೆದರೆಂಬ ದೂರು ಎದ್ದಿತು. ವಿಚಾರಣೆಯ ತರುವಾಯ ಆ ವರ್ಷದ ಅಕ್ಟೋಬರಿನಲ್ಲಿ ಕಂಪನಿಯೇ ಪ್ರಕಟಿಸಿದಂತೆ, 19 ನೌಕರರು ಭಾಗಿಗಳೆಂದು ಕಂಡುಬಂದು 16 ಜನರನ್ನು ನಡತೆಯ ನಿಯಮಗಳ ಭಂಗಕ್ಕಾಗಿ ಕೆಲಸದಿಂದ ತೆಗೆಯಲಾಯಿತು. 6 ಸರಬರಾಜು ಸಂಸ್ಥೆಗಳಿಗೆ ಬಾಗಿಲು ಮುಚ್ಚಲಾಯಿತು. ಕಂಪನಿ ತಾನಾಗಿ ಕ್ರಮ ಕೈಕೊಂಡಿತೆಂಬುದು ಅದರ ಹಿರಿಮೆ. ಆದರೆ ಜಾಬರನ ಜಾಗ ಗಾಜಿನ ಕಟ್ಟಡದಲ್ಲಿಯೂ ಉಳಿದಿದೆಯೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನೂ ದೊಡ್ಡ ಊರಿನ ಕಥೆಯೊಂದಿದೆ. 2005ರಿಂದ 2009ರ ಸುಮಾರಿಗೆ ಕ್ಯಾಲಿಫೋರ್ನಿಯದ ಆಪಲ್, ಗೂಗಲ್, ಇಂಟೆಲ್, ಅಡೋಬ್ ಮೊದಲಾದ ಕಂಪನಿಗಳು, ಒಬ್ಬರ ನೌಕರರನ್ನು ಮತ್ತೊಬ್ಬರು ಫೋನು ಮಾಡಿ ಕರೆಯಬಾರದೆಂದು ತಮ್ಮತಮ್ಮೊಳಗೆ ಒಳ ಒಪ್ಪಂದ ಮಾಡಿಕೊಂಡಿದ್ದವು. ಕರೆಯುವವರಿಲ್ಲದಿದ್ದರೆ ಪಗಾರ ಏರುವ ಕಾರಣವಿಲ್ಲ. 2007ರಲ್ಲಿ ಗೂಗಲ್ಲಿನ ರಿಕ್ರೂಟರರೊಬ್ಬರು ಆಪಲ್ಲಿನ ಇಂಜಿನಿಯರನೊಬ್ಬನನ್ನು ಸಂಪರ್ಕಿಸಿದರು. ಆಪಲ್ಲಿನ ಸ್ಟೀವ್ ಜಾಬ್ಸ್ ಅವರು ಗೂಗಲ್ಲಿನ ಎರಿಕ್ ಷ್ಮಿಟ್ ಅವರಿಗೆ ದೂರು ಬರೆದರು. ಆ ರಿಕ್ರೂಟರರನ್ನು ಒಂದು ತಾಸಿನೊಳಗಾಗಿ ತೆಗೆದುಹಾಕಲಾಗುವುದೆಂದು ಗೂಗಲ್ಲಿನ ಒಳಗಿನಿಂದ ಉತ್ತರ ಬಂದಿತು. ಈ ಪತ್ರಗಳೆಲ್ಲ ಮುಂದೆ ನ್ಯಾಯಾಲಯದಲ್ಲಿ ಹೊರಬಿದ್ದವು. 2010ರಲ್ಲಿ ಅಮೆರಿಕೆಯ ಸರ್ಕಾರ ಆ ಒಪ್ಪಂದಗಳನ್ನು ನಿಲ್ಲಿಸಿತು. 2015ರಲ್ಲಿ ನಾಲ್ಕು ಕಂಪನಿಗಳು 64 ಸಾವಿರಕ್ಕೂ ಮಿಕ್ಕ ನೌಕರರಿಗಾಗಿ 41.5 ಕೋಟಿ ಡಾಲರು ತೆರಬೇಕಾಯಿತು. ಆ ರಿಕ್ರೂಟರರು ಮಾಡಿದ್ದು ತಮ್ಮ ಕಸಬನ್ನೇ, ಅದೂ ಪ್ರಾಮಾಣಿಕವಾಗಿ. ಅದಕ್ಕೆ ಸಿಕ್ಕ ಫಲ ಅದು. ನಡುವಿನ ಮನುಷ್ಯ ಸಜ್ಜನನಾಗಿದ್ದರೂ ಅವನ ಸೌಜನ್ಯಕ್ಕೆ ಒಡೆಯನ ಬೇಲಿ ಇರುತ್ತದೆ.

ಈಗ ಮನೆಯ ಹತ್ತಿರಕ್ಕೆ ಬರುತ್ತೇನೆ. ನಮ್ಮ ತಾಲೂಕಿನ ಹುಡುಗನೊಬ್ಬನ ತಂದೆ ನನಗೆ ತಿಳಿಸಿದ ಮಾತಿದು. ಹುಡುಗ ಪುಣೆಯಲ್ಲಿ ವರ್ಷಕ್ಕೆ 4 ಲಕ್ಷ 20 ಸಾವಿರದ ಮೇಲೆ ಮೂರು ವರ್ಷ ದುಡಿದಿದ್ದ. ಹೊಸ ಕಂಪನಿಯ ಪರವಾಗಿ ಬಂದ ರಿಕ್ರೂಟರನ ಮೊದಲ ಪ್ರಶ್ನೆಯೇ "ಈಗಿನ ಸಿ.ಟಿ.ಸಿ. ಎಷ್ಟು?" ಎಂಬುದು. ಸುಳ್ಳು ಹೇಳುವ ಸಂಸ್ಕಾರವಿಲ್ಲದ ಹುಡುಗ ಇದ್ದದ್ದನ್ನು ಹೇಳಿದ. ಶೇಕಡಾ 30ಕ್ಕಿಂತ ಹೆಚ್ಚಳ ಎಲ್ಲಿಯೂ ಕೊಡುವ ಪದ್ಧತಿಯಿಲ್ಲವೆಂದು ಉತ್ತರ ಬಂದಿತು. 5 ಲಕ್ಷ 46 ಸಾವಿರಕ್ಕೆ ಒಪ್ಪಿ ಸೇರಿದ. ಆರು ತಿಂಗಳ ಮೇಲೆ ಗೊತ್ತಾಯಿತು: ಅದೇ ವಾರ, ಅದೇ ಕೆಲಸಕ್ಕೆ, ಅಷ್ಟೇ ಅನುಭವದ ಮೇಲೆ ಪಕ್ಕದ ಕುರ್ಚಿಗೆ ಸೇರಿದವನ ಪಗಾರ 9 ಲಕ್ಷ. ಆ ಹುದ್ದೆಗೆ ಕಂಪನಿ ಕಟ್ಟಿಟ್ಟ ಮೊತ್ತ ಅದೇ ಇದ್ದಿತು. ನಮ್ಮ ಹುಡುಗನಿಗೆ ಯಾರೂ ಸುಳ್ಳು ಹೇಳಿರಲಿಲ್ಲ. ಅವನ ಹಳೆಯ ಬಡತನವನ್ನೇ ಅವನ ಹೊಸ ಬೆಲೆಗೆ ಅಳತೆಗೋಲಾಗಿ ಮಾಡಿದ್ದರು ಅಷ್ಟೆ. ತಂದೆ ಇದನ್ನು ಹೇಳುವಾಗ ಮಗನ ಓದಿಗೆ ಮಾಡಿದ ಸಾಲದಲ್ಲಿ ಇನ್ನೂ ಎರಡು ವರ್ಷದ ಕಂತು ಉಳಿದಿದ್ದವು.

ಈ ಪ್ರಶ್ನೆಯ ಅನ್ಯಾಯವನ್ನು ಹೊರದೇಶಗಳಲ್ಲಿ ಕಾನೂನೇ ಗುರುತಿಸಿದೆ. ಕ್ಯಾಲಿಫೋರ್ನಿಯದಲ್ಲಿ 2018ರಿಂದ ಅಭ್ಯರ್ಥಿಯ ಹಿಂದಿನ ಪಗಾರವನ್ನು ಕೇಳಕೂಡದು; 2023ರಿಂದ ಹದಿನೈದು ನೌಕರರಿಗಿಂತ ಕಡಿಮೆಯಿಲ್ಲದ ಕಂಪನಿಗಳು ಜಾಹೀರಾತಿನಲ್ಲಿಯೇ ಹುದ್ದೆಯ ಪಗಾರದ ಮೇಲ್ಮಿತಿ-ಕೆಳಮಿತಿಗಳನ್ನು ಪ್ರಕಟಿಸಬೇಕು. ಯುರೋಪಿನ ಒಕ್ಕೂಟ 2023ರಲ್ಲಿ ಇದೇ ಬಗೆಯ ನಿರ್ದೇಶನವನ್ನು ಹೊರಡಿಸಿ, ಸದಸ್ಯ ದೇಶಗಳು ಅದನ್ನು ಆಚರಣೆಗೆ ತರಲು 2026ರ ಜೂನ್ 7ರ ಗಡುವು ಕೊಟ್ಟಿತು. ನಮ್ಮಲ್ಲಿ ಅಂಥ ಕಾನೂನಿಲ್ಲ. ಕೇಳುತ್ತಾರೆ, ಪಗಾರದ ಚೀಟಿಯನ್ನೂ ಬೇಡುತ್ತಾರೆ. ಹಾಗೆಂದು ಸುಳ್ಳು ಅಂಕಿ ಹೇಳಬೇಡಿರಿ. ಭವಿಷ್ಯನಿಧಿಯ ಲೆಕ್ಕದಿಂದ ಅದು ಹೊರಬೀಳುತ್ತದೆ, ಕೈಗೆ ಬಂದ ನೌಕರಿಯೂ ಹೋಗುತ್ತದೆ. ಉತ್ತರ ಕೊಡುವ ಮೊದಲು ವಿನಯದಿಂದಲೇ ಮರುಪ್ರಶ್ನೆ ಹಾಕಬಹುದು: "ಈ ಹುದ್ದೆಗೆ ತಮ್ಮಲ್ಲಿ ಎಷ್ಟರಿಂದ ಎಷ್ಟರ ವರೆಗೆ ಇಟ್ಟಿದ್ದೀರಿ? ಅದು ತಿಳಿದರೆ ಇಬ್ಬರ ವೇಳೆಯೂ ಉಳಿದೀತು." ಹತ್ತರಲ್ಲಿ ನಾಲ್ವರಾದರೂ ಹೇಳಿಯಾರು. ಹೇಳದವನೂ ಈ ಹುಡುಗ ಪೇಟೆ ನೋಡಿದವನೆಂದು ತಿಳಿದುಕೊಳ್ಳುತ್ತಾನೆ.

ಸಿ.ಟಿ.ಸಿ. ಎಂಬ ಮೂರಕ್ಷರದ ಮಾತನ್ನು ಹೇಳಿದೆ. ಅದರ ಹೊಟ್ಟೆಯೊಳಗೆ ಏನಿದೆಯೆಂದು ತಾಯಂದಿರಿಗೂ ತಿಳಿದಿರಬೇಕು. ತಿಂಗಳ ಸಂತೆ ಮಾಡುವವರು ಅವರೇ ತಾನೆ. ವರ್ಷಕ್ಕೆ 6 ಲಕ್ಷ ಎಂದೊಡನೆ ತಿಂಗಳಿಗೆ 50 ಸಾವಿರ ಎಂದು ನಾವು ಲೆಕ್ಕ ಹಾಕುತ್ತೇವೆ. ಮಾದರಿಗಾಗಿ ಒಂದು ಪತ್ರವನ್ನು ಬಿಡಿಸಿ ನೋಡಿರಿ. ಮೂಲವೇತನ ಅರ್ಧ, ಅಂದರೆ 3 ಲಕ್ಷ. ಅದರ ಮೇಲೆ ಕಂಪನಿ ಕಟ್ಟುವ ಭವಿಷ್ಯನಿಧಿ ಶೇಕಡಾ 12ರಂತೆ 36,000. ಗ್ರಾಚ್ಯುಟಿಯ ಬಾಬತ್ತು ಶೇಕಡಾ 4.81ರಂತೆ 14,430. ಕೆಲಸ ನೋಡಿ ಕೊಡುವ ಬದಲಾಗುವ ಭಾಗ 60,000. ವಿಮೆ ಇತ್ಯಾದಿ 9,570. ಇವನ್ನು ಕೂಡಿಸಿದರೆ 1 ಲಕ್ಷ 20 ಸಾವಿರ. ಉಳಿದದ್ದು ತಿಂಗಳಿಗೆ 40 ಸಾವಿರ. ಅದರಲ್ಲಿ ನೌಕರನ ಪಾಲಿನ ಭವಿಷ್ಯನಿಧಿ 3 ಸಾವಿರ, ವೃತ್ತಿತೆರಿಗೆ 200 ಕಳೆದರೆ ಕೈಗೆ ಬರುವುದು 36,800. ಭವಿಷ್ಯನಿಧಿ ನಮ್ಮದೇ ಗಂಟು, ಅದು ಹೋಗುವುದಿಲ್ಲ. ಆದರೆ ಬದಲಾಗುವ ಭಾಗ ಪೂರ್ತಿ ಬಂದೀತೆಂಬ ಭರವಸೆಯಿಲ್ಲ. ಗ್ರಾಚ್ಯುಟಿ ಸಾಮಾನ್ಯವಾಗಿ ಐದು ವರ್ಷ ನಿಂತವನಿಗಷ್ಟೇ. 50 ಸಾವಿರವೆಂದು ನಂಬಿ ಪುಣೆಯಲ್ಲಿ ಮನೆ ಹಿಡಿದು, ಊರಿಗೆ 20 ಸಾವಿರ ಕಳಿಸುತ್ತೇನೆಂದು ಮಾತು ಕೊಟ್ಟ ಮಗ ಮೊದಲ ತಿಂಗಳಿನಲ್ಲಿಯೇ ತಲೆ ತಗ್ಗಿಸಬೇಕಾಗುತ್ತದೆ. ರಿಕ್ರೂಟರ ಇಲ್ಲಿ ಸುಳ್ಳು ಹೇಳಿದನೆ? ಇಲ್ಲ. ಕೇಳದ್ದನ್ನು ಹೇಳಲಿಲ್ಲ.

ಬರೆದ ಪತ್ರದ ವಿಷಯ. ಬಾಯಿಮಾತಿಗೂ ಪತ್ರಕ್ಕೂ ಇರುವ ಅಂತರ ನಮ್ಮ ಜಮೀನಿನ ವ್ಯವಹಾರಗಳಿಂದ ನಮಗೆ ಚೆನ್ನಾಗಿ ಗೊತ್ತು. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಅವುಗಳ ಪ್ರಕಾರ ನೌಕರನಿಗೆ ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟು ಪ್ರತಿಫಲದ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನವೆಂದೇ ಎಣಿಸಬೇಕು. ಹೀಗಿದ್ದರೂ, ಸೇರುವ ಮೊದಲಿನ ಪತ್ರವೂ ಪೂರಾ ರಕ್ಷೆಯಲ್ಲ. 2023ರ ಫೆಬ್ರವರಿಯಲ್ಲಿ ವಿಪ್ರೊ ಕಂಪನಿಯವರು ವರ್ಷಕ್ಕೆ 6.5 ಲಕ್ಷವೆಂದು ಪತ್ರ ಕೊಟ್ಟು ಕಾಯಿಸಿದ್ದ ಹೊಸಬರನ್ನು 3.5 ಲಕ್ಷಕ್ಕೆ ಬರುವಿರಾ ಎಂದು ಕೇಳಿದರು. ಪುಣೆಯ ಐ.ಟಿ. ನೌಕರರ ಸಂಘಟನೆಯೊಂದು ಅದನ್ನು ಬಹಿರಂಗವಾಗಿ ಪ್ರತಿಭಟಿಸಿತು. ಪತ್ರವಿದ್ದದ್ದರಿಂದಲೇ ಪ್ರತಿಭಟಿಸಲು ಬಂದಿತು; ಬಾಯಿಮಾತಾಗಿದ್ದರೆ ಅದೂ ಇಲ್ಲ. ಸಂದರ್ಭ ಬಂದಿದೆಯೆಂದು ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ನೋಂದಣಿ ಶುಲ್ಕವೆಂದೋ ತರಬೇತಿಯ ಠೇವಣಿಯೆಂದೋ ನಿಮ್ಮಿಂದ ಹಣ ಕೇಳುವವನ ವಿಷಯದಲ್ಲಿ ಯೋಚಿಸುವ ಅಗತ್ಯವೇ ಇಲ್ಲ, ಫೋನು ಇಟ್ಟುಬಿಡಿರಿ. ಕೆಲಸಗಾರನಿಂದ ಶುಲ್ಕ ತೆಗೆದುಕೊಳ್ಳಬಾರದೆಂಬುದು 1997ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂಗೀಕರಿಸಿದ ಒಡಂಬಡಿಕೆಯಲ್ಲಿಯೇ ಇದೆ.

ಹಾಗಾದರೆ ಈ ಮನುಷ್ಯನಿಂದ ಉಪಯೋಗವೇ ಇಲ್ಲವೆ? ಬಹಳ ಇದೆ. ಕಂಪನಿ ಎಂಥದು, ಸಂದರ್ಶನ ಎಷ್ಟು ಸುತ್ತು, ಹಿಂದಿನವರು ಎಲ್ಲಿ ಎಡವಿದರು, ತೊಂಬತ್ತು ದಿನದ ನೋಟೀಸಿಗೆ ಅವರು ಕಾದಾರೆಯೇ, ಈ ಎಲ್ಲ ವಿಷಯಗಳಲ್ಲಿ ಅವನ ಮಾತು ಬಂಗಾರ. ನೀವು ಗೆದ್ದರೆ ಅವನೂ ಗೆದ್ದಂತೆ. ಅಲ್ಲಿ ಸುಳ್ಳು ಹೇಳಿ ಅವನಿಗೆ ಆಗಬೇಕಾದದ್ದಿಲ್ಲ. ನೀವು ಸೇರಿ ಎರಡು-ಮೂರು ತಿಂಗಳೊಳಗೆ ಬಿಟ್ಟುಬಂದರೆ ಬಹಳ ಕರಾರುಗಳಲ್ಲಿ ಅವನ ದಲಾಲಿಯೂ ಹೋಗುತ್ತದೆ ಅಥವಾ ಪುಕ್ಕಟೆ ಬೇರೊಬ್ಬನನ್ನು ಹುಡುಕಿ ಕೊಡಬೇಕಾಗುತ್ತದೆ. ಆದಕಾರಣ ನೀವು ಅಲ್ಲಿ ನಿಲ್ಲುವಿರೆಂಬ ಕಾಳಜಿಯೂ ಅವನಿಗೆ ನಿಜವಾಗಿ ಇದೆ. ನಮ್ಮವರ ತಪ್ಪೂ ಉಂಟು. ನಾಲ್ಕು ಕಡೆ ಒಪ್ಪಿಗೆ ಕೊಟ್ಟು, ಸೇರುವ ದಿನ ಫೋನು ಎತ್ತದೆ ಕುಳಿತುಬಿಡುವ ಹುಡುಗರಿದ್ದಾರೆ. ಎರಡು ತಿಂಗಳು ಓಡಾಡಿದ ಆ ರಿಕ್ರೂಟರನೂ ಯಾವುದೋ ಊರಿನಿಂದ ಬಂದು ತಿಂಗಳ ಗುರಿ ಮುಟ್ಟಲಾರದೆ ಬೈಸಿಕೊಳ್ಳುವ ಬಡ ತರುಣನೇ ಆಗಿರುತ್ತಾನೆ. ಅವನೊಡನೆ ನಡತೆ ಚೊಕ್ಕಟವಾಗಿರಲಿ. ಆದರೆ "ಇದೇ ಕೊನೆಯ ಮಾತು" ಎಂದು ಅವನು ಹೇಳಿದಾಗ ಮಾತ್ರ, ಅದು ಅವನಿಗೆ ಬೇಕಾದ ಕೊನೆ ಎಂದು ತಿಳಿಯಿರಿ. ಒಂದು ರಾತ್ರಿಯ ಅವಕಾಶ ಕೇಳಿರಿ. ಮೂರು ಸುತ್ತು ಪರೀಕ್ಷಿಸಿ ಆರಿಸಿದವನನ್ನು, ನಾಳೆ ಹೇಳುತ್ತೇನೆ ಎಂದ ಮಾತ್ರಕ್ಕೆ ಬಿಟ್ಟುಕೊಡುವ ಕಂಪನಿ ಅಪರೂಪ.

ದನದ ಸಂತೆಯಲ್ಲಿ ದಲಾಲನು ವಲ್ಲಿಯ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ಈ ಸಭೆಯ ಹಿರಿಯರು ಕಂಡಿದ್ದಾರೆ. ಮಾರುವವನ ಬೆರಳು ಅವನಿಗೆ ಗೊತ್ತು, ಕೊಳ್ಳುವವನ ಬೆರಳೂ ಅವನಿಗೆ ಗೊತ್ತು; ಅವರಿಬ್ಬರಿಗೆ ಒಬ್ಬರದು ಒಬ್ಬರಿಗೆ ಗೊತ್ತಿಲ್ಲ. ಹಿಂದೆ ಕಾಳುಕಡಿಯ ಪೇಟೆಗಳಲ್ಲಿಯೂ ಬಟ್ಟೆಯಡಿಯ ಈ ವ್ಯಾಪಾರವಿದ್ದಿತು. ಲಿನ್‌ಲಿಥ್ಗೋ ಅವರ ಅಧ್ಯಕ್ಷತೆಯ ಕೃಷಿ ಆಯೋಗ 1928ರಲ್ಲಿ ನಿಯಂತ್ರಿತ ಪೇಟೆಗಳನ್ನು ಸ್ಥಾಪಿಸಬೇಕೆಂದು ಹೇಳಿತು. ಮುಂಬಯಿ ಪ್ರಾಂತದಲ್ಲಿ 1939ರಲ್ಲಿ ಕಾನೂನು ಬಂದಿತು. ಇಂದು ಕೊಲ್ಹಾಪುರದ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಸವಾಲು ಎಲ್ಲರ ಕಿವಿಗೆ ಬೀಳುವಂತೆ ನಡೆಯುತ್ತದೆ. ದಲಾಲರು ಆಗಲೂ ಇದ್ದರು, ಈಗಲೂ ಇದ್ದಾರೆ. ಬಟ್ಟೆ ಮಾತ್ರ ಹೋಯಿತು. ಬೆಲ್ಲದ ಪೆಂಟೆಗೆ ದೊರೆತ ಈ ಸೌಕರ್ಯ ಬೆಲ್ಲ ಬೆಳೆದವನ ಮಗನಿಗೆ ಇನ್ನೂ ದೊರೆತಿಲ್ಲ.

ಇಚಲಕರಂಜಿಯನ್ನು ನೋಡಿರಿ. 1904ರಲ್ಲಿ ವಿಠ್ಠಲರಾವ ದಾತಾರರು ಅಲ್ಲಿ ಮೊದಲ ಯಂತ್ರಮಗ್ಗವನ್ನು ಹಾಕಿದಂದಿನಿಂದ ಆ ಊರು ಮಜೂರಿಯ ಜಗಳಗಳನ್ನು ಬೇಕಾದಷ್ಟು ಕಂಡಿದೆ. ಅಲ್ಲಿಯ ನೇಕಾರನ ಬಾಳು ಸುಖದ್ದೆಂದು ನಾನು ಹೇಳಲಾರೆ. ಆದರೆ ಒಂದು ಅಂಗುಲಕ್ಕೆ ಎಷ್ಟು ಹೊಕ್ಕು ಬಿದ್ದರೆ, ಅಂದರೆ ಎಷ್ಟು ಪಿಕ್ಕಿನ ಬಟ್ಟೆಗೆ, ಮೀಟರಿಗೆ ಎಷ್ಟು ಪೈಸೆ ಎಂಬುದು ಚಹದಂಗಡಿಯಲ್ಲಿ ಕುಳಿತ ಪ್ರತಿಯೊಬ್ಬನಿಗೂ ಗೊತ್ತು. ಮಗ್ಗದ ಮುಂದೆ ನಿಲ್ಲುವ ಮೊದಲೇ ಗೊತ್ತು. ಆ ನೇಕಾರನ ಮಗಳು ಇಂಜಿನಿಯರಾಗಿ ಬೆಂಗಳೂರಿಗೆ ಹೋದರೆ ತನ್ನ ಪಕ್ಕದ ಮೇಜಿನ ದರ ಅವಳಿಗೆ ಗೊತ್ತಿಲ್ಲ. ಕೇಳುವುದು ಅಸಭ್ಯವೆಂದು ಅವಳಿಗೆ ಕಲಿಸಿದವರು ನಾವೇ.

ಈ ಕಾರಣದಿಂದ ಸಂಘದ ಮುಂದೆ ಒಂದು ಸಣ್ಣ ಸೂಚನೆಯನ್ನು ಇಡುತ್ತೇನೆ. ನಮ್ಮ ವಾಚನಾಲಯದಲ್ಲಿ ಒಂದು ದಪ್ಪ ವಹಿ ಇರಲಿ. ನೌಕರಿಗೆ ಸೇರಿದ ನಮ್ಮ ಮಕ್ಕಳು ದೀಪಾವಳಿಗೋ ಜಾತ್ರೆಗೋ ಊರಿಗೆ ಬಂದಾಗ ಅದರಲ್ಲಿ ಒಂದು ಸಾಲು ಬರೆಯಲಿ. ಹೆಸರು ಬೇಡ, ಮನೆತನ ಬೇಡ. ಯಾವ ಊರು, ಯಾವ ಬಗೆಯ ಕೆಲಸ, ಎಷ್ಟು ವರ್ಷದ ಅನುಭವ, ರಿಕ್ರೂಟರ ಮೊದಲು ಹೇಳಿದ್ದೆಷ್ಟು, ಕೊನೆಗೆ ಪತ್ರದಲ್ಲಿ ಬಂದದ್ದೆಷ್ಟು, ತಿಂಗಳಿಗೆ ಕೈಗೆ ಸಿಕ್ಕದ್ದೆಷ್ಟು, ಯಾವ ಇಸವಿ. ಇಷ್ಟೇ ಸಾಕು. ಐವತ್ತು ಸಾಲು ಕೂಡಿದರೆ ಐವತ್ತೊಂದನೆಯವನು ಫೋನು ಎತ್ತುವ ಮೊದಲು ಒಂದು ಭಾನುವಾರ ಬಂದು ಓದಿಕೊಂಡು ಹೋದಾನು. ಇಂಟರ್‌ನೆಟ್ಟಿನಲ್ಲಿ ಇಂಥ ಅಂಕಿಗಳು ಸಿಗುವುದಿಲ್ಲವೆಂದಲ್ಲ. ಆದರೆ ತನ್ನಂತೆಯೇ ಹಳ್ಳಿಯಿಂದ, ತನ್ನಂಥದೇ ಕಾಲೇಜಿನಿಂದ ಹೋದವನಿಗೆ ಏನು ಸಿಕ್ಕಿತೆಂಬುದನ್ನು ಅವು ಹೇಳುವುದಿಲ್ಲ. ವಹಿಯನ್ನು ಕನ್ನಡದಲ್ಲಿಯೇ ಬರೆಯೋಣ. ಮನೆಯಲ್ಲಿ ಲೆಕ್ಕ ನೋಡುವ ತಂದೆತಾಯಿಗಳೂ ಓದುವಂತಿರಬೇಕು. ಮೊದಲ ಪುಟಕ್ಕೆ ಗೆರೆ ಎಳೆದು ತಂದಿದ್ದೇನೆ. ಕಾರ್ಯದರ್ಶಿಗಳು ಒಪ್ಪಿದರೆ ಈ ಸಮಾರಂಭ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಮೇಲೆ ಅದನ್ನು ಇಡುತ್ತೇನೆ.